ಕಳ್ಳ ಮತ್ತೆ ಬರುವುದು ಯಾವಾಗ? ಅಮಾವಾಸ್ಯೆಗಾ, ಅದಕ್ಕೂ ಮೊದಲಾ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮೈಸೂರಿನ ಹೊರಗಿನ ಒಂದು ಬಡಾವಣೆಯಲ್ಲಿ ಮನೆ. ನಮ್ಮ ಎರಡು ರಸ್ತೆಯಲ್ಲೇ 4 ವಾರದಲ್ಲಿ 3 ಮನೆ ಕಳ್ಳತನವಾಗಿದೆ. ಮೊದಲನೆಯದು ಅಮಾವಾಸ್ಯೆ ರಾತ್ರಿ, ಆ ಮನೆಯವರು ಮಾದಪ್ಪನ ಬೆಟ್ಟಕ್ಕೆ ಹೋಗಿದ್ದರು. ಅದಾಗಿ ಹತ್ತು ದಿನಕ್ಕೆ ನಮ್ಮ ಮನೆ, ಹಾಡಹಗಲೇ, ನಾನು ಬ್ಯಾಂಕಿಗೆ ಹೋಗಿದ್ದಾಗ. ಮೂರನೆಯದು ಮುಂದಿನ ಅಮಾವಾಸ್ಯೆಗೆ ಎರಡು ದಿನ ಇರುವಾಗ. ಅದಾಗಿ ಈಗ ಒಂದು ವಾರ. ಬೆರಳಚ್ಚು ಒಬ್ಬ ಹಳೇ ಆಸಾಮಿಯದಕ್ಕೆ ಹೋಲುತ್ತಿದೆ, ಅವನು ಜಾಮೀನಿನ ಮೇಲೆ ಹೊರಗೆ ಬಂದು ಎರಡು ತಿಂಗಳಾಗಿದೆ ಎಂದು ಠಾಣೆಯಲ್ಲಿ ಹೇಳಿದರು. ವಾಟ್ಸಾಪ್ ಗ್ರೂಪಿನಲ್ಲಿ ಅವನ ಫೋಟೋ ಎಂದು ಯಾರೋ ಒಂದು ಫೋಟೋ ಹಾಕಿದ್ದಾರೆ. 'ಇವನು ಅಮಾವಾಸ್ಯೆ ಕಳ್ಳ, ಮುಂದಿನ ಅಮಾವಾಸ್ಯೆವರೆಗೆ ಭಯವಿಲ್ಲ' ಅನ್ನುತ್ತಾರೆ. 'ಒಮ್ಮೆ ಆದ ಮನೆಗೆ ಕಳ್ಳ ಮತ್ತೆ ಕಾಲಿಡಲ್ಲ' ಅನ್ನುವುದು ನಮ್ಮ ಮಾವನವರ ಮಾತು. ಇನ್ನು ಹತ್ತು ದಿನಕ್ಕೆ ಧಾರವಾಡದಲ್ಲಿ ತಂಗಿ ಮಗಳ ಮದುವೆ. ನಾಲ್ಕು ದಿನ ಮನೆಗೆ ಬೀಗ ಹಾಕಬೇಕು. ಹೋಗಬಹುದಾ? ಇಂಥವರು ನಿಜಕ್ಕೂ ದಿನ ನೋಡಿಕೊಂಡು ಬರುತ್ತಾರಾ?

ಉತ್ತರ:

ನಮಸ್ಕಾರ ಮೇಡಂ. ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಮದುವೆಗೆ ಹೋಗಿ. ಆದರೆ ಅಮಾವಾಸ್ಯೆ ಇನ್ನೂ ದೂರ ಇದೆ ಅನ್ನುವ ಧೈರ್ಯದ ಮೇಲೆ ಹೋಗಬೇಡಿ. ನಿಮ್ಮ ರಸ್ತೆಗೆ ಅಪಾಯ ಜಾಸ್ತಿ ಇರುವುದು ಈಗಲೇ, ಈ ಎರಡು ಮೂರು ವಾರ. ಗ್ರೂಪಿನವರು ಯಾವ ದಿನಗಳನ್ನು 'ಭಯವಿಲ್ಲ' ಅನ್ನುತ್ತಿದ್ದಾರೋ ಸರಿಯಾಗಿ ಅದೇ ದಿನಗಳು.

ನಾನು ಅಪರಾಧಶಾಸ್ತ್ರ ಪಾಠ ಮಾಡಿದವನು. ಪೊಲೀಸರ ತರಬೇತಿಗೂ ಹೋಗುತ್ತಿದ್ದೆ. ಆ ನೆಪದಲ್ಲಿ ಜೈಲಿನಲ್ಲಿ ಹಳೇ ಕನ್ನಗಳ್ಳರ ಜೊತೆ ಕೂತು ಮಾತಾಡಿದ್ದೂ ಉಂಟು. 'ಇಂಥವರು ದಿನ ನೋಡುತ್ತಾರಾ' ಎಂದು ಕೇಳಿದ್ದೀರಿ. ನೋಡುತ್ತಾರೆ. ಆದರೆ ಅವರು ನೋಡುವುದು ಪಂಚಾಂಗ ಅಲ್ಲ, ನಿಮ್ಮ ದಿನಚರಿ.

ಅಮಾವಾಸ್ಯೆ ವಿಷಯ ಮೊದಲು ಮುಗಿಸೋಣ. ಚಂದ್ರನ ತಿಂಗಳಿಗೆ ಸುಮಾರು 29.5 ದಿನ. ಅಮಾವಾಸ್ಯೆಯ ದಿನ, ಅದರ ಹಿಂದೆ ಎರಡು, ಮುಂದೆ ಎರಡು, ಒಟ್ಟು 5 ದಿನ ಹಿಡಿದರೆ ತಿಂಗಳಿನ ಆರನೇ ಒಂದು ಭಾಗ ಆಯಿತು. ಅಂದರೆ ಕಳ್ಳ ಚಂದ್ರನನ್ನು ತಲೆ ಎತ್ತಿ ನೋಡದೇ ಇದ್ದರೂ ಆರು ಕಳ್ಳತನದಲ್ಲಿ ಒಂದು ಅಮಾವಾಸ್ಯೆ ಆಸುಪಾಸಿನಲ್ಲೇ ಬೀಳುತ್ತದೆ. ಹುಣ್ಣಿಮೆಯನ್ನೂ ಸೇರಿಸಿಕೊಂಡರೆ ಮೂರರಲ್ಲಿ ಒಂದು. ಮೂರೇ ಘಟನೆ ಇಟ್ಟುಕೊಂಡು ಲೆಕ್ಕ ಹಾಕಲು ಕೂತರೆ ಏನು ಬೇಕಾದರೂ ಹೊಂದುತ್ತದೆ. ನಿಮ್ಮದೇ ಮನೆಯ ಕಳ್ಳತನ ಹೊಂದಲಿಲ್ಲ ನೋಡಿ, ಅದನ್ನು ಗ್ರೂಪಿನವರು ಲೆಕ್ಕದಿಂದಲೇ ಬಿಟ್ಟುಬಿಟ್ಟರು!

ಹಾಗಂತ ಇದು ಪೂರ್ತಿ ಸುಳ್ಳು ನಂಬಿಕೆ ಅಂತಲೂ ಹೇಳಲ್ಲ. ಬೀದಿದೀಪ ಇಲ್ಲದ ಕಾಲದಲ್ಲಿ ಅಮಾವಾಸ್ಯೆ ಕತ್ತಲು ಕಳ್ಳನಿಗೆ ನಿಜವಾದ ಆಸರೆ. ಈಗ ನಿಮ್ಮ ಬಡಾವಣೆಯಲ್ಲಿ ರಾತ್ರಿಯಿಡೀ ಎಲ್‌ಇಡಿ ದೀಪ ಉರಿಯುತ್ತದೆ ಅಲ್ವಾ? ಆದರೆ ನಿಮ್ಮ ಪತ್ರದಲ್ಲೇ ಒಂದು ಸಾಲು ಇದೆ, ಅದರ ಮಹತ್ವ ನಿಮಗೆ ಹೊಳೆದಂತಿಲ್ಲ. ಮೊದಲ ಮನೆಯವರು ಅಂದು ಮಾದಪ್ಪನ ಬೆಟ್ಟಕ್ಕೆ ಹೋಗಿದ್ದರು. ಚಾಮರಾಜನಗರ, ಮೈಸೂರು, ಮಂಡ್ಯ ಕಡೆ ಅಮಾವಾಸ್ಯೆ ಬಂತೆಂದರೆ ಬೆಟ್ಟದ ಬಸ್ಸುಗಳು ತುಂಬಿ ಹೋಗುತ್ತವೆ, ಮನೆಗಳು ಖಾಲಿಯಾಗುತ್ತವೆ. ಕಲಬುರಗಿ, ಬೀದರ್ ಕಡೆ ಎಳ್ಳಮಾವಾಸ್ಯೆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತಾರೆ, ಅದೂ ಬೆಳಕಿರುವಾಗಲೇ. ಅಲ್ಲೂ ಕಳ್ಳತನವಾದರೆ ಜನ ಅಮಾವಾಸ್ಯೆಯನ್ನೇ ದೂರುತ್ತಾರೆ. ಕಳ್ಳನಿಗೆ ಅನುಕೂಲವಾಗಿದ್ದು ಬಾಗಿಲಿನ ಬೀಗ.

ಪೊಲೀಸರು ಇದನ್ನು ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಆಟ್ಚರ್ಲಿ ಎಂಬ ಪೊಲೀಸ್ ಮುಖ್ಯಸ್ಥ 20ನೇ ಶತಮಾನದ ಆರಂಭದಲ್ಲಿ ಚಾಳಿಬಿದ್ದ ಅಪರಾಧಿಗಳನ್ನು ಅವರ ಕೆಲಸದ ರೀತಿಯಿಂದ ವಿಂಗಡಿಸುವ ಪದ್ಧತಿ ತಂದರು. ಎಲ್ಲಿಂದ ಒಳಗೆ ನುಗ್ಗಿದ, ಯಾವ ಸಾಧನ, ಏನು ಕದ್ದ, ಏನು ಕಥೆ ಕಟ್ಟಿಕೊಂಡು ಬಂದ ಎಂಬುದರ ಜೊತೆಗೆ 'ಸಮಯ' ಎಂಬ ಕಲಮೂ ಅದರಲ್ಲಿತ್ತು. ಆ ಕಲಮಿನಲ್ಲಿ ಗಡಿಯಾರದ ಗಂಟೆ ಬರೆದರೆ ಸಾಲುತ್ತಿರಲಿಲ್ಲ. ಚರ್ಚಿಗೆ ಹೋಗುವ ಹೊತ್ತು, ಸಂತೆಯ ದಿನ, ಊಟದ ವೇಳೆ, ಹೀಗೆ ಬರೆಯಬೇಕಿತ್ತು. ನಮ್ಮ ಠಾಣೆಗಳಲ್ಲಿ 'ಎಂಒಬಿ' (ಮೋಡಸ್ ಆಪರೆಂಡಿ ಬ್ಯೂರೋ, ಅಂದರೆ ಹಳೇ ಅಪರಾಧಿಗಳ ಕೆಲಸದ ರೀತಿಯನ್ನು ದಾಖಲೆ ಮಾಡಿಡುವ ವಿಭಾಗ) ಅನ್ನುತ್ತಾರಲ್ಲ, ಅದರ ಬೇರು ಇದೇ ಪದ್ಧತಿ. ನಿಮ್ಮ ಮನೆಯ ಬೆರಳಚ್ಚನ್ನು ಹಳೇ ಆಸಾಮಿಯದರ ಜೊತೆ ಹೋಲಿಸಿದ ಮೇಲೆ, ಅವನ ಹಳೇ ಕೇಸುಗಳು ಯಾವ ಹೊತ್ತಿನವು, ಯಾವ ಬಗೆಯ ಬಾಗಿಲಿನವು ಎಂದೂ ತೆಗೆದು ನೋಡುತ್ತಾರೆ.

ಇನ್ನು ನಿಮ್ಮ ಮಾವನವರ ಮಾತು. ಹಿರಿಯರು, ಬೇಸರ ಮಾಡಿಕೊಳ್ಳದಿರಲಿ, ಈ ವಿಷಯದಲ್ಲಿ ಮಾತ್ರ ಅವರ ಮಾತು ಉಲ್ಟಾ. ಒಮ್ಮೆ ಕಳ್ಳತನವಾದ ಮನೆಗೆ ಮತ್ತೆ ಆಗುವ ಸಾಧ್ಯತೆ ಬೇರೆ ಮನೆಗಿಂತ ಜಾಸ್ತಿ. ಇದನ್ನು ತೋರಿಸಿದ ಹೆಸರಾಂತ ಕೆಲಸ ನಡೆದಿದ್ದು 1980ರ ದಶಕದಲ್ಲಿ, ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಕರ್ಕ್‌ಹೋಲ್ಟ್ ಎಂಬ ಬಡಾವಣೆಯಲ್ಲಿ. ಅಲ್ಲಿ ಒಮ್ಮೆ ಕಳ್ಳತನವಾದ ಮನೆಗೆ ಮತ್ತೆ ಆಗುವ ಸಂಭವ ಉಳಿದ ಮನೆಗಳಿಗಿಂತ ಸುಮಾರು ನಾಲ್ಕು ಪಟ್ಟು ಇತ್ತು. ಅಪರಾಧಶಾಸ್ತ್ರಜ್ಞ ಕೆನ್ ಪೀಸ್ ಮತ್ತು ಅವರ ಜೊತೆಯವರು ಮಾಡಿದ್ದು ಸರಳ ಉಪಾಯ. ಇಡೀ ಬಡಾವಣೆಗೆ ಕಾವಲು ಹಾಕಲು ಹೋಗಲಿಲ್ಲ. ಈಗಷ್ಟೇ ಕಳ್ಳತನವಾದ ಮನೆಯ ಬಾಗಿಲು, ಚಿಲಕ ಮೊದಲು ಭದ್ರ ಮಾಡಿದರು. ಅಕ್ಕಪಕ್ಕದ ಐದಾರು ಮನೆಯವರು ಅದರ ಮೇಲೆ ಒಂದು ಕಣ್ಣಿಡುವಂತೆ ಒಪ್ಪಿಸಿದರು. ಆ ಮನೆಗಳಲ್ಲಿ ಕಾಸು ಹಾಕಿ ಕರೆಂಟು, ಗ್ಯಾಸ್ ಪಡೆಯುವ ಮೀಟರ್‌ಗಳಿದ್ದವು, ಕಳ್ಳರ ಕಣ್ಣು ಆ ಕಾಸಿನ ಮೇಲೆಯೇ, ಅವನ್ನೂ ತೆಗೆಸಿದರು. ಮೂರು ವರ್ಷದಲ್ಲಿ ಕಳ್ಳತನ ಮುಕ್ಕಾಲು ಭಾಗ ಇಳಿಯಿತು.

ಯಾಕೆ ಮತ್ತೆ ಬರುತ್ತಾನೆ? ಒಂದು, ಮನೆಯ ಒಳಗು ಅವನಿಗೆ ಈಗ ಗೊತ್ತು. ಬೀರು ಎಲ್ಲಿ, ಹಿತ್ತಲ ಬಾಗಿಲು ಎಲ್ಲಿಗೆ ತೆರೆಯುತ್ತದೆ, ಮೊದಲ ಸಲ ಹೊರಲಾಗದೆ ಬಿಟ್ಟಿದ್ದು ಏನು. ಎರಡು, ಮುರಿದ ಚಿಲಕಕ್ಕೆ ನಾವು ತಿಂಗಳುಗಟ್ಟಲೆ ತಂತಿ ಕಟ್ಟಿಕೊಂಡೇ ಇರುತ್ತೇವೆ. ಬಡಗಿ ನಾಳೆ ಬರ್ತೀನಿ ಅಂದಿರುತ್ತಾನೆ, ಅಷ್ಟೇ. ಮೂರನೆಯದು ಇವನಿಗೆ ಸಂಬಂಧಿಸಿದ್ದಲ್ಲ: ಆ ಮನೆ ಮೊದಲಿನಿಂದಲೂ ಸುಲಭದ ಮನೆ, ಹಿಂದೆ ಖಾಲಿ ಸೈಟು, ಪಕ್ಕದಲ್ಲಿ ಎತ್ತರದ ಕಾಂಪೌಂಡು, ಬಂದ ಕಳ್ಳನಿಗೆಲ್ಲ ಅದೇ ಕಣ್ಣಿಗೆ ಬೀಳುತ್ತದೆ.

ನೆರೆಮನೆಗೂ ಈ ಬಿಸಿ ತಟ್ಟುತ್ತದೆ. 2007ರಲ್ಲಿ ಐದು ದೇಶಗಳ ಅಂಕಿಅಂಶ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು ಕಂಡುಕೊಂಡಿದ್ದು ಇಷ್ಟು: ಒಂದು ಮನೆ ಕಳ್ಳತನವಾದರೆ ಅದರ 200 ಮೀಟರ್ ಸುತ್ತಲಿನ ಮನೆಗಳಿಗೆ ಕಡಿಮೆಯೆಂದರೂ 2 ವಾರ ಅಪಾಯ ಹೆಚ್ಚಿರುತ್ತದೆ. ಆಮೇಲೆ ದಿನ ಕಳೆದ ಹಾಗೆ ಇಳಿಯುತ್ತದೆ. ನಿಮ್ಮ ಎರಡು ರಸ್ತೆ, ಮೂರು ಮನೆ, ನಾಲ್ಕು ವಾರ, ಇದರೊಳಗೆ ಸರಿಯಾಗಿ ಕೂರುತ್ತದೆ. ಮೂರನೆಯ ಕಳ್ಳತನ ನಡೆದು ಒಂದೇ ವಾರವಾಗಿದೆ. ಮದುವೆಗೆ ನೀವು ಹೊರಡುವಾಗಲೂ ಆ ಕಾವು ಪೂರ್ತಿ ಆರಿರುವುದಿಲ್ಲ.

ಕಳ್ಳತನದಿಂದ ಸ್ವಲ್ಪ ಆಚೆ ಹೋಗಿ ಒಂದೆರಡು ಮಾತು ಹೇಳಬೇಕು, ಯಾಕೆಂದರೆ 'ಇಂಥವರು' ಎಂದು ನೀವು ಕೇಳಿದ್ದು ಮತ್ತೆ ಮತ್ತೆ ತಪ್ಪು ಮಾಡುವವರ ಬಗ್ಗೆ. ಸರಣಿ ಕೊಲೆಗಾರರ ವಿಷಯದಲ್ಲೂ ಜನ ಚಂದ್ರನನ್ನೇ ಹುಡುಕುತ್ತಾರೆ. ರಷ್ಯಾದ ರಾಸ್ತೊವ್ ಕಡೆಯ ಆಂದ್ರೇ ಚಿಕಟಿಲೊ 1978ರಿಂದ 1990ರವರೆಗೆ ಐವತ್ತಕ್ಕೂ ಹೆಚ್ಚು ಜನರನ್ನು ಕೊಂದವನು. ಅವನ ಕೊಲೆಗಳ ನಡುವಿನ ಅಂತರವನ್ನು ಅಮೆರಿಕದ ಇಬ್ಬರು ಸಂಶೋಧಕರು, ಸಿಮ್ಕಿನ್ ಮತ್ತು ರಾಯ್‌ಚೌಧುರಿ, ಗಣಿತದಿಂದ ಅಳೆದರು. ಸಮ ಅಂತರ ಇರಲೇ ಇಲ್ಲ. ಕೆಲವು ಸಲ ದಿನಗಳ ಅಂತರ, ಕೆಲವು ಸಲ ವರ್ಷಕ್ಕೂ ಮೀರಿದ ಮೌನ. ಮುಖ್ಯ ವಿಷಯ ಅಂದರೆ, ಒಂದು ಕೊಲೆ ಆದ ಕೂಡಲೇ ಇನ್ನೊಂದರ ಸಾಧ್ಯತೆ ಅತಿ ಹೆಚ್ಚು, ದಿನ ಕಳೆದ ಹಾಗೆ ಕಡಿಮೆ. 'ತುಂಬಾ ದಿನವಾಯಿತು, ಇನ್ನೇನು ಬಂದೇ ಬರುತ್ತಾನೆ' ಅನ್ನುವ ನಮ್ಮ ಮನಸ್ಸಿನ ಲೆಕ್ಕಕ್ಕೆ ಇದು ತದ್ವಿರುದ್ಧ. ಅವರಿಬ್ಬರು ಇದಕ್ಕೆ ಮಿದುಳಿನ ನರಕೋಶಗಳ ಉದ್ರೇಕದ ಮಾದರಿಯೊಂದನ್ನು ಮುಂದಿಟ್ಟರು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಚಿಕಟಿಲೊ ಕಾರ್ಖಾನೆಯೊಂದಕ್ಕೆ ಸಾಮಾನು ತರಲು ಊರೂರು ಸುತ್ತುವ ಕೆಲಸದಲ್ಲಿದ್ದ, ರೈಲು ನಿಲ್ದಾಣಗಳ ಆಸುಪಾಸಿನಲ್ಲಿ ಬಲಿಗಳನ್ನು ಹಿಡಿಯುತ್ತಿದ್ದ. 1984ರ ಕೊನೆಗೆ ಮೂರು ತಿಂಗಳು ಬೇರೆ ಕೇಸಿನಲ್ಲಿ ಒಳಗಿದ್ದ. ಅವನ ಮೌನಕ್ಕೆ ಮಿದುಳಿನಷ್ಟೇ ಡ್ಯೂಟಿ ಪಟ್ಟಿಯೂ ಜೈಲೂ ಕಾರಣ ಎಂದು ನನ್ನ ಅನಿಸಿಕೆ.

ಇನ್ನೂ ಸ್ಪಷ್ಟವಾದ ಉದಾಹರಣೆ ಡಾಕ್ಟರ್ ಹೆರಾಲ್ಡ್ ಶಿಪ್‌ಮನ್. ಇಂಗ್ಲೆಂಡಿನ ಹೈಡ್ ಊರಿನವನು, ವಯಸ್ಸಾದ ತನ್ನ ರೋಗಿಗಳನ್ನೇ ಇಂಜೆಕ್ಷನ್ ಕೊಟ್ಟು ಕೊಲ್ಲುತ್ತಿದ್ದ. 2000ದ ಜನವರಿಯಲ್ಲಿ 15 ಕೊಲೆಗಳಿಗೆ ಶಿಕ್ಷೆಯಾಯಿತು, ಆಮೇಲಿನ ವಿಚಾರಣಾ ಆಯೋಗ 215 ಜನರನ್ನು ಕೊಂದಿದ್ದಾನೆ ಎಂದಿತು. ಬೇರೆ ವೈದ್ಯರ ರೋಗಿಗಳು ಸತ್ತ ಹೊತ್ತನ್ನು ಗ್ರಾಫ್ ಮಾಡಿದರೆ ಇಡೀ ದಿನಕ್ಕೆ ಹರಡಿಕೊಳ್ಳುತ್ತದೆ. ಇವನದು ಮಧ್ಯಾಹ್ನ 2 ಗಂಟೆಯ ಆಸುಪಾಸಿನಲ್ಲಿ ಗುಡ್ಡೆ ಬಿದ್ದಿತ್ತು. ಬೆಳಗಿನ ಕ್ಲಿನಿಕ್ ಮುಗಿಸಿ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದ ಹೊತ್ತು ಅದು. ಆ ಮಧ್ಯಾಹ್ನದ ಹೊತ್ತಿನಲ್ಲಿ ಯಾವ ರಹಸ್ಯವೂ ಇರಲಿಲ್ಲ. ಅವನ ದಿನಚರಿ ಹಾಗಿತ್ತು.

ನಿಮ್ಮ ಮನೆಗೆ ನುಗ್ಗಿದವನೂ ಹೀಗೇ. ಸಣ್ಣ ಪ್ರಮಾಣದಲ್ಲಿ, ಅಷ್ಟೇ.

ಹಳೇ ಕನ್ನಗಳ್ಳನೊಬ್ಬ ನನಗೆ ಹೇಳಿದ್ದು ಈಗಲೂ ಉಪಯೋಗಕ್ಕೆ ಬರುತ್ತದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಬಡಾವಣೆಯಲ್ಲಿ ಒಂದು ಸುತ್ತು ನಡೆದರೆ ಸಾಕಂತೆ. ಎಲ್ಲ ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿದ್ದಾರೆ, ಒಂದು ಮನೆ ಮುಂದೆ ಇಲ್ಲ. ಹಾಲಿನ ಪ್ಯಾಕೆಟ್ ಗೇಟಿನ ಚೀಲದಲ್ಲೇ ಇದೆ. ಪೇಪರ್ ಎರಡು ದಿನದ್ದು ಬಿದ್ದಿದೆ. ಹೊರಗಿನ ಲೈಟು ಬಿಸಿಲಿನಲ್ಲೂ ಉರಿಯುತ್ತಿದೆ. ಜನ ಕಳ್ಳ ಬರದಿರಲಿ ಎಂದು ಲೈಟು ಹಾಕಿ ಹೋಗುತ್ತಾರೆ, ಅವನಿಗೆ ಅದೇ ಗುರುತು. ರಾತ್ರಿ ಅದೇ ಮನೆ ಮುಂದೆ ಮತ್ತೆ ಬಂದು, ಗೇಟಿಗೆ ಹೊರಗಿನಿಂದ ಬೀಗ ಇದೆಯಾ ನೋಡುತ್ತಿದ್ದನಂತೆ.

ಹೊತ್ತಿನ ವಿಷಯಕ್ಕೆ ಬಂದರೆ, ಠಾಣೆಯಲ್ಲಿ ಹಗಲು ಕನ್ನ, ರಾತ್ರಿ ಕನ್ನ ಎಂದು ಬೇರೆ ಮಾಡುತ್ತಾರೆ. ಕಾನೂನಿನಲ್ಲೂ ಹಾಗೇ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 331ನೇ ಸೆಕ್ಷನ್ ಪ್ರಕಾರ ಕಳ್ಳತನಕ್ಕೆಂದು ಮನೆ ಒಡೆದರೆ 10 ವರ್ಷದವರೆಗೆ ಶಿಕ್ಷೆ. ಅದೇ ಕೆಲಸ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಆಗಿದ್ದರೆ 14 ವರ್ಷದವರೆಗೆ. ಹಗಲು ಕಳ್ಳನೂ ರಾತ್ರಿ ಕಳ್ಳನೂ ಸಾಮಾನ್ಯವಾಗಿ ಬೇರೆ ಬೇರೆ ಮಂದಿ, ಒಬ್ಬನೇ ಎರಡನ್ನೂ ಮಾಡುವುದು ಕಡಿಮೆ. ನಿಮ್ಮ ಬಡಾವಣೆಯದರಲ್ಲಿ ಎರಡೂ ಇದೆ. ಹಾಗಾಗಿ ಮೂರನ್ನೂ ಒಬ್ಬನೇ ಮಾಡಿದ ಎಂದು ಈಗಲೇ ಗಟ್ಟಿ ಮಾಡಿಕೊಳ್ಳಬೇಡಿ.

ಜಾಮೀನಿನ ವಿಷಯ. ಜೈಲಿನಿಂದ ಹೊರಗೆ ಬಂದ ಮೊದಲ ತಿಂಗಳುಗಳೇ ಕಷ್ಟದ ಕಾಲ, ಇದು ಎಲ್ಲ ಕಡೆ ಕಾಣುವ ಸಂಗತಿ. ಅಮೆರಿಕದ 30 ರಾಜ್ಯಗಳಲ್ಲಿ 2005ರಲ್ಲಿ ಬಿಡುಗಡೆಯಾದ ಕೈದಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಮೊದಲ ವರ್ಷದೊಳಗೇ 44% ಜನ ಮತ್ತೆ ಬಂಧನವಾದರು, ಮೂರು ವರ್ಷಕ್ಕೆ 68%. ಮೂರು ವರ್ಷದಲ್ಲಿ ಸಿಕ್ಕಿಬಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ವರ್ಷದಲ್ಲೇ ಸಿಕ್ಕಿಬಿದ್ದರು ನೋಡಿ. ನಮ್ಮಲ್ಲಿ ನಾನು ಕಂಡ ಕಾರಣಗಳು ಇವು: ಹೊರಗೆ ಬಂದವನಿಗೆ ಕೆಲಸ ಕೊಡುವವರಿಲ್ಲ, ಬಾಡಿಗೆ ಮನೆ ಸಿಗಲ್ಲ, ವಕೀಲರಿಗೆ ಬಾಕಿ ಇರುತ್ತದೆ, ಜಾಮೀನು ನಿಂತವನ ಋಣ ಇರುತ್ತದೆ, ಸಿಗುವ ಗೆಳೆಯರು ಒಳಗೆ ಪರಿಚಯವಾದವರೇ. ಕದ್ದ ಒಡವೆಗೆ ಕಳ್ಳಮಾಲು ಕೊಳ್ಳುವವನು ಅಸಲು ಬೆಲೆ ಕೊಡುವುದಿಲ್ಲ. ಆ ದುಡ್ಡು ಖಾಲಿಯಾದ ದಿನ ಮತ್ತೆ ಹೊರಡುತ್ತಾನೆ. ಎರಡು ಕಳ್ಳತನದ ನಡುವಿನ ಅಂತರವನ್ನು ಬಹಳ ಸಲ ತೀರ್ಮಾನ ಮಾಡುವುದು ಇದೇ.

'ಹಿಡಿದರೂ ಬಿಟ್ಟುಬಿಡುತ್ತಾರೆ' ಎಂದು ಸಿಟ್ಟು ಬರುತ್ತದೆ, ಸಹಜ. ಆದರೆ 60 ಅಥವಾ 90 ದಿನದೊಳಗೆ, ಅಪರಾಧದ ಶಿಕ್ಷೆಯನ್ನು ನೋಡಿಕೊಂಡು, ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಪಡೆಯುವುದು ಆರೋಪಿಯ ಹಕ್ಕು. ಇದರಲ್ಲಿ ಯಾರದೋ ಕೈವಾಡ ಹುಡುಕಬೇಕಿಲ್ಲ.

ಇನ್ನೊಂದು ಕಡೆಯನ್ನೂ ಹೇಳಿಬಿಡುತ್ತೇನೆ. ಅಪರಾಧ ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಮೊದಲ ವರ್ಷಗಳಲ್ಲಿ ಏರಿ, ವಯಸ್ಸಾದಂತೆ ಇಳಿಯುತ್ತದೆ. 19ನೇ ಶತಮಾನದಲ್ಲೇ ಕೆಟ್ಲೆ ಎಂಬ ಬೆಲ್ಜಿಯಂ ಪಂಡಿತ ಇದನ್ನು ಗುರುತಿಸಿದ್ದ. ಬಹುಪಾಲು ಜನ ಬಿಟ್ಟುಬಿಡುತ್ತಾರೆ. ಮುಂದುವರಿಸುವವರು ಕೆಲವೇ ಮಂದಿ: ಫಿಲಡೆಲ್ಫಿಯಾದಲ್ಲಿ 1945ರಲ್ಲಿ ಹುಟ್ಟಿದ 9,945 ಹುಡುಗರನ್ನು ಗಮನಿಸಿದಾಗ ಬರೀ 6% ಹುಡುಗರು ಆ ಗುಂಪಿನ ಅರ್ಧಕ್ಕಿಂತ ಹೆಚ್ಚು ಅಪರಾಧಗಳಿಗೆ ಕಾರಣರಾಗಿದ್ದರು. 'ಹುಟ್ಟಾ ಕಳ್ಳರು', 'ಇಂಥ ಜಾತಿಯವರು ಇಂಥ ದಿನವೇ ಬರುತ್ತಾರೆ' ಅನ್ನುವ ಮಾತು ನಿಮ್ಮ ಗ್ರೂಪಿನಲ್ಲಿ ಬಂದರೆ ಅಲ್ಲೇ ನಿಲ್ಲಿಸಿ. ಆ ಯೋಚನೆಯಿಂದಲೇ ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿ ಇಡೀ ಸಮುದಾಯಗಳನ್ನು ಕಳ್ಳರೆಂದು ಪಟ್ಟಿ ಮಾಡಿದ್ದು. 1952ರಲ್ಲಿ ಅದು ರದ್ದಾಯಿತು. ಹಣೆಪಟ್ಟಿ ಮಾತ್ರ ಇನ್ನೂ ಪೂರ್ತಿ ಕಳಚಿಲ್ಲ.

ಆ ಫೋಟೋ ವಿಷಯ ನನಗೆ ನಿಜಕ್ಕೂ ಆತಂಕ ತಂದಿದೆ. ಅದು ಅವನದೇ ಎಂದು ಯಾರಿಗೆ ಗೊತ್ತು? 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ವಾಟ್ಸಾಪಿನ ಮಕ್ಕಳ ಕಳ್ಳರ ವದಂತಿ ನಂಬಿ ಜನ ಹೈದರಾಬಾದಿನ ಒಬ್ಬ ಯುವ ಎಂಜಿನಿಯರನ್ನು ಹೊಡೆದು ಕೊಂದರು. ನಿಮ್ಮ ಬಡಾವಣೆಯ ಹುಡುಗರು ದೊಣ್ಣೆ ಹಿಡಿದು ರಾತ್ರಿ ಗಸ್ತು ತಿರುಗುವ ಯೋಚನೆಯಲ್ಲಿದ್ದರೆ, ಠಾಣೆಗೆ ತಿಳಿಸಿ, ಬೀಟ್ ಪೊಲೀಸರ ಜೊತೆ ಮಾತಾಡಿ ಮಾಡಲಿ. ಯಾರನ್ನಾದರೂ ಕಂಡರೆ 112ಕ್ಕೆ ಫೋನ್ ಮಾಡಲಿ, ಕೈ ಮಾಡುವುದು ಬೇಡ. ನೀವು ಟೀಚರ್ ಆಗಿದ್ದವರು, ಆ ಫೋಟೋ ತೆಗೆಯಿರಿ ಅಂದರೆ ಕೇಳುತ್ತಾರೆ.

ಈಗ ನಿಮ್ಮ ನಾಲ್ಕು ದಿನ. ಎಲ್ಲಕ್ಕಿಂತ ಒಳ್ಳೆಯದು ಮನೆಯಲ್ಲಿ ಯಾರಾದರೂ ಮಲಗುವುದು. ಮಾವನವರೊಬ್ಬರನ್ನೇ ಬಿಡುವ ಯೋಚನೆ ಇದ್ದರೆ ಬೇಡ, ಕಳ್ಳ ಎದುರಾದಾಗ ಕಳ್ಳತನ ಹಲ್ಲೆಯಾಗುವುದು ಇಂಥ ಕಡೆಯೇ. ಗಟ್ಟಿಮುಟ್ಟಾದ ಇಬ್ಬರು ಸಂಬಂಧಿಕರಾದರೆ ಸರಿ. ಯಾರೂ ಇಲ್ಲವೆಂದರೆ ನಂಬಿಕೆಯ ಪಕ್ಕದ ಮನೆಯವರಿಗೆ ಹೇಳಿ, ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಒಂದು ಎಳೆ ರಂಗೋಲಿ ಎಳೆಯಲಿ, ಸಂಜೆ ಒಳಗಿನ ಲೈಟು ಹಾಕಿ ರಾತ್ರಿ ಆರಿಸಲಿ. ಹಾಲು, ಪೇಪರ್ ನಿಲ್ಲಿಸಿ. ನಿಲ್ಲಿಸುವಾಗ ಹುಡುಗನಿಗೆ 'ನಾಲ್ಕು ದಿನ ಊರಲ್ಲಿರಲ್ಲ' ಅನ್ನಬೇಡಿ, ಸುಮ್ನೆ ಬೇಡ ಅನ್ನಿ ಸಾಕು.

ಠಾಣೆಗೆ ಬರೆದು ಕೊಟ್ಟು ಹೋಗಿ. ಬೀಗ ಹಾಕಿದ ಮನೆಗಳ ಕಡೆ ಬೀಟಿನವರು ಒಂದು ಸುತ್ತು ಬರುತ್ತಾರೆ. ಅದರ ಮೇಲೇ ಭಾರ ಹಾಕಬೇಡಿ, ಒಬ್ಬ ಬೀಟ್ ಪೊಲೀಸಿಗೆ ಎಷ್ಟು ರಸ್ತೆ ಇರುತ್ತದೆ ಎಂದು ನಿಮಗೂ ಗೊತ್ತು. ಊರಿಗೆ ಹೋಗುವುದನ್ನು ಬಡಾವಣೆಯ ಗ್ರೂಪಿನಲ್ಲಂತೂ ಹಾಕಬೇಡಿ. ಮದುವೆ ಮನೆಯ ಫೋಟೋ ಸ್ಟೇಟಸ್‌ಗೆ ಹಾಕುವುದು ವಾಪಸ್ ಬಂದ ಮೇಲೆ ಇರಲಿ. ಮಕ್ಕಳಿಗೂ ಹೇಳಿ.

ಹಿತ್ತಲ ಚಿಲಕ ಈ ವಾರವೇ ಸರಿಮಾಡಿಸಿ. ಕ್ಯಾಮೆರಾ ಹಾಕಿಸುವುದಕ್ಕಿಂತ ಮೊದಲು ಇದು. ಕ್ಯಾಮೆರಾ ಕಳ್ಳನನ್ನು ತಡೆಯುವುದು ಕಡಿಮೆ, ಆಮೇಲೆ ಹಿಡಿಯಲು ಉಪಯೋಗ. ಹಳಬರು ಹೋಗುವಾಗ ರೆಕಾರ್ಡ್ ಆಗುವ ಡಿವಿಆರ್ ಡಬ್ಬಿಯನ್ನೇ ಹೊತ್ತುಕೊಂಡು ಹೋಗುತ್ತಾರೆ. ಹಾಕಿಸುವುದಾದರೆ ಡಬ್ಬಿಯನ್ನು ಟಿವಿ ಪಕ್ಕ ಇಡಬೇಡಿ.

ಉಳಿದ ಒಡವೆ ಬ್ಯಾಂಕ್ ಲಾಕರಿಗೆ ಹಾಕಬಹುದು. ಅಲ್ಲೂ ಒಂದು ಮಾತು ತಿಳಿದಿರಲಿ: ಬ್ಯಾಂಕಿನ ಬೆಂಕಿ, ಕಳ್ಳತನ, ಸಿಬ್ಬಂದಿಯ ಮೋಸದಿಂದ ಲಾಕರಿನದು ಹೋದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು ಮಾತ್ರ. ಬಾಡಿಗೆ 2,000 ರೂಪಾಯಿ ಇದ್ದರೆ 2 ಲಕ್ಷ. ಆದರೂ ಮನೆಯ ಬೀರುವಿಗಿಂತ ವಾಸಿ. ಮದುವೆಗೆ ಹಾಕಿಕೊಂಡು ಹೋಗುವ ಒಡವೆಯನ್ನು ಹೊರಡುವ ಹಿಂದಿನ ದಿನ ತಂದು ಬೀರುವಿನಲ್ಲಿಟ್ಟು ಮಲಗುವುದು ಬೇಡ, ಹೊರಡುವ ದಿನವೇ ತನ್ನಿ.

ನಿಮ್ಮ ಮನೆಯಿಂದ ಹೋದ ಒಡವೆಯ ಬಗ್ಗೆ ನೀವು ಕೇಳಿಲ್ಲ. ಬಿಲ್ಲು, ಹಾಕಿಕೊಂಡಿರುವ ಹಳೇ ಫೋಟೋ ಎಲ್ಲ ಈಗಲೇ ಒಟ್ಟು ಮಾಡಿಡಿ. ಆಸಾಮಿ ಸಿಕ್ಕಿ ಒಡವೆ ವಶವಾದರೆ ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ. ಮಧ್ಯಂತರ ಸುಪರ್ದಿಗೆ, ಅಂದರೆ ತಾತ್ಕಾಲಿಕವಾಗಿ ನಮ್ಮ ವಶಕ್ಕೆ, ಕೊಡಿ ಎಂದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಇಂಥ ವಸ್ತುಗಳನ್ನು ಠಾಣೆಯಲ್ಲಿ ಸುಮ್ಮನೆ ಇಟ್ಟುಕೊಳ್ಳದೆ, ಫೋಟೋ ಮತ್ತು ಪಂಚನಾಮೆ ಮಾಡಿ, ಬಾಂಡ್ ಬರೆಸಿಕೊಂಡು ಬೇಗ ಮಾಲೀಕರಿಗೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಎಫ್‌ಐಆರ್‌ನಲ್ಲಿ ಒಡವೆಯ ವಿವರ 'ಚಿನ್ನದ ಸರ' ಎಂದಷ್ಟೇ ಇದ್ದರೆ ಮದುವೆಗೆ ಹೊರಡುವ ಮುಂಚೆ ಠಾಣೆಗೆ ಹೋಗಿ ತೂಕ, ವಿನ್ಯಾಸ, ಗುರುತು ಎಲ್ಲ ಸೇರಿಸಿ ಹೆಚ್ಚುವರಿ ಹೇಳಿಕೆ ಕೊಟ್ಟುಬನ್ನಿ.